ತೀರದ ಮುಯ್ಯಿ

ನನ್ನ ಅತ್ತೆಯವರಿಗೆ ಖಾಲಿ ಡಬ್ಬಿ ವಾಪಸು ಕೊಟ್ಟು ಅಭ್ಯಾಸವಿಲ್ಲ. ಪಕ್ಕದ ಮನೆಯವರು ಯುಗಾದಿಗೆ ಒಬ್ಬಟ್ಟು ಕಳಿಸಿದರೆ, ತಿಂದಾದ ಮೇಲೆ ಆ ಡಬ್ಬಿ ತೊಳೆಸಿಕೊಂಡು, ಒರೆಸಿಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತದೆ. ಒಳಗೆ ಏನಾದರೂ ಬೀಳುವ ತನಕ ಅದಕ್ಕೆ ಬಿಡುಗಡೆಯಿಲ್ಲ. ಚಕ್ಕುಲಿ, ಕೊಬ್ಬರಿ ಮಿಠಾಯಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಕ್ರಿಸ್ಮಸ್ಸಿಗೆ ಇವರ ಕಡೆಯಿಂದ ಕಲ್‌ಕಲ್, ಕಜ್ಜಾಯ ತುಂಬಿಕೊಂಡು ಹೋದದ್ದು ಸಂಕ್ರಾಂತಿಗೆ ಎಳ್ಳುಬೆಲ್ಲ ಹೊತ್ತು ಮರಳುತ್ತದೆ. ಹೀಗೆ ವರ್ಷಗಟ್ಟಲೆ ಎರಡು ಮನೆಗಳ ನಡುವೆ ಓಡಾಡಿದ ಒಂದು ಸ್ಟೀಲ್ ಡಬ್ಬಿ ಮೊದಲಿಗೆ ಯಾರದಾಗಿತ್ತು ಎಂಬುದು ಈಗ ಇಬ್ಬರಿಗೂ ಮರೆತುಹೋಗಿದೆ. ಮುಚ್ಚಳದ ಮೇಲೆ ಕೊರೆಸಿರುವ ಹೆಸರು ಮೂರನೆಯವರದು.

ಅತ್ತೆಯವರು ಮೈಸೂರು ಕಡೆಯವರು. ಅವರ ಟ್ರಂಕಿನಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇದೆ. ಮಕ್ಕಳ ಮದುವೆಗಳಲ್ಲಿ ಮುಯ್ಯಿ ಬರೆಸಿದ್ದು. ಯಾರು 51 ರೂಪಾಯಿ, ಯಾರು 101, ಯಾರು ಸ್ಟೀಲ್ ಬಿಂದಿಗೆ, ಯಾರು ಗೋಡೆ ಗಡಿಯಾರ, ಎಲ್ಲ ಅದರಲ್ಲಿದೆ. ಯಾರ ಮನೆಯ ಲಗ್ನಪತ್ರಿಕೆ ಬಂದರೂ ಮೊದಲು ಈ ನೋಟ್‌ಬುಕ್ ಹೊರಬರುತ್ತದೆ. ಅಂದು ಕೊಟ್ಟ 51ಕ್ಕೆ ಇಂದು ಎಷ್ಟು ಸೇರಿಸಿದರೆ ಮರ್ಯಾದೆ ಎಂಬ ಲೆಕ್ಕವನ್ನು ಅವರು ಯಾವ ಬ್ಯಾಂಕಿನವರಿಗೂ ಕಡಿಮೆಯಿಲ್ಲದಂತೆ ಹಾಕುತ್ತಾರೆ. ಟ್ರಂಕಿನಲ್ಲಿ ಆ ನೋಟ್‌ಬುಕ್ಕಿನ ಪಕ್ಕದಲ್ಲೇ ಅವರ ಹಳೆಯ ಬೈಬಲ್ ಇದೆ. ಎರಡೂ ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡು ಇಷ್ಟು ಕಾಲ ಜಗಳವಾಡದೆ ಇದ್ದದ್ದೇ ನನಗೆ ಆಶ್ಚರ್ಯ.

ಏಕೆಂದರೆ ಒಂದರ ಪ್ರಕಾರ ಯಾವುದನ್ನೂ ಪುಕ್ಕಟೆ ಇಟ್ಟುಕೊಳ್ಳಬಾರದು. ಇನ್ನೊಂದು ಹೇಳುವುದೋ, ನಿನಗೆ ಸಿಕ್ಕಿರುವ ಮುಖ್ಯವಾದದ್ದೆಲ್ಲ ಪುಕ್ಕಟೆ ಸಿಕ್ಕಿದ್ದೇ, ಅದನ್ನು ತೀರಿಸುವ ಶಕ್ತಿ ನಿನಗಿಲ್ಲ, ತೀರಿಸು ಎಂದು ಕೇಳಿದವರೂ ಇಲ್ಲ. ಕೃಪೆ ಎಂದು ನಮ್ಮ ಚರ್ಚುಗಳಲ್ಲಿ ಪ್ರತಿ ಭಾನುವಾರ ಕೇಳುವುದು ಇದನ್ನೇ. ಕೇಳಿ ತಲೆಯಾಡಿಸುತ್ತೇವೆ. ಮನೆಗೆ ಬಂದವರೇ ದೇವರ ಡಬ್ಬಿಗೆ ಏನು ತುಂಬಿ ಕಳಿಸೋಣ ಎಂದು ಅಡುಗೆಮನೆಯಲ್ಲಿ ತಡಕಾಡುತ್ತೇವೆ.

ಇದು ಇಂದಿನ ಚಾಳಿಯೇನಲ್ಲ. ಬೈಬಲಿನ ಪಿತೃಗಳ ಕಾಲದಿಂದಲೂ ನಡೆದುಬಂದದ್ದು. ಅಣ್ಣನಿಗೆ ಟೋಪಿ ಹಾಕಿ ಓಡಿಬಂದ ಯಾಕೋಬ ಬೇತೇಲಿನಲ್ಲಿ ಕಲ್ಲನ್ನೇ ದಿಂಬು ಮಾಡಿಕೊಂಡು ಮಲಗಿದ. ಕನಸಿನಲ್ಲಿ ಆಕಾಶಕ್ಕೆ ಮುಟ್ಟುವ ಏಣಿ ಕಂಡಿತು. ನಿನ್ನ ಜೊತೆಗಿದ್ದೇನೆ, ನಿನ್ನನ್ನು ಊರಿಗೆ ಮರಳಿ ಕರೆತರುತ್ತೇನೆ ಎಂದು ದೇವರೇ ಮಾತು ಕೊಟ್ಟ. ಷರತ್ತು ಒಂದೂ ಇಲ್ಲ. ಬೆಳಗ್ಗೆ ಎದ್ದ ಯಾಕೋಬ ಮಾಡಿದ ಮೊದಲ ಕೆಲಸಗಳಲ್ಲೊಂದು ಆ ಮಾತಿಗೆ ತಾನೇ ಷರತ್ತು ಸೇರಿಸಿದ್ದು. ದಾರಿಯಲ್ಲಿ ಕಾಪಾಡಿ, ಅನ್ನ ಬಟ್ಟೆ ಕೊಟ್ಟು, ಸುಖವಾಗಿ ಮನೆ ಮುಟ್ಟಿಸಿದರೆ ಆಗ ನೀನೇ ನನ್ನ ದೇವರು, ಹತ್ತರಲ್ಲೊಂದು ಪಾಲು ನಿನಗೆ. ದೇವರು ಈ ಕರಾರುಪತ್ರವನ್ನು ನೋಡಿ ಏನೆಂದುಕೊಂಡನೋ, ಬೈಬಲ್ ಬರೆದಿಲ್ಲ. ಮಾತನ್ನಂತೂ ನಡೆಸಿಕೊಟ್ಟ.

ನಮ್ಮ ಸಭೆಗಳಲ್ಲಿ ಸ್ತೋತ್ರ ಕಾಣಿಕೆಯ ಲಕೋಟೆಗಳಿರುತ್ತವೆ. ಉಪಕಾರ ನೆನೆದು ಒಂದಿಷ್ಟು ಹಣ ಒಳಗಿಟ್ಟು, ಕಾರಣವನ್ನು ಮೇಲೆ ಬರೆದು ಕೊಡುವುದು. ಆರಾಧನೆಯಲ್ಲಿ ಅದನ್ನು ಓದುತ್ತಾರೆ. ಸಭೆಯ ವಾರಪತ್ರಿಕೆ ಎಂದರೆ ನಿಜವಾಗಿ ಇದೇ. ಮಗನಿಗೆ ಕೆನಡಾ ವೀಸಾ ಸಿಕ್ಕಿದ್ದಕ್ಕೆ, ಗಾಲ್‌ಬ್ಲ್ಯಾಡರ್ ಆಪರೇಷನ್ ಚೆನ್ನಾಗಿ ಆದದ್ದಕ್ಕೆ, ಮದುವೆಯ ಬೆಳ್ಳಿಹಬ್ಬಕ್ಕೆ, ನಾಯಿ ಅಟ್ಟಿಸಿಕೊಂಡು ಬಂದರೂ ಕಚ್ಚದೆ ಬಿಟ್ಟದ್ದಕ್ಕೆ. ಪ್ರಸಂಗದ ಹೊತ್ತಿಗೆ ತೂಕಡಿಸುವವರೂ ಈ ಪಟ್ಟಿಗೆ ಎಚ್ಚರವಾಗುತ್ತಾರೆ. ‘ಹೊಸ ವಾಹನಕ್ಕಾಗಿ’ ಎಂದು ಓದಿದ ಕೂಡಲೇ ನಾಲ್ಕು ತಲೆಗಳು ಹಿಂದಕ್ಕೆ ತಿರುಗುತ್ತವೆ. ಆರಾಧನೆ ಮುಗಿದ ಮೇಲೆ ಗೇಟಿನ ಹೊರಗೆ ವಾಹನದ ದರ್ಶನವೂ ಆಗುತ್ತದೆ. ಇದನ್ನು ನಾನು ಹಂಗಿಸುತ್ತಿಲ್ಲ. ನಾಯಿ ಕಚ್ಚದ್ದನ್ನೂ ದೇವರ ಲೆಕ್ಕಕ್ಕೆ ಜಮಾ ಮಾಡುವ ಸರಳತೆ ದೊಡ್ಡ ದೇವಶಾಸ್ತ್ರಜ್ಞರಿಗೂ ಸುಲಭಕ್ಕೆ ಬರುವುದಿಲ್ಲ. ವೀಸಾ ಸಿಗದವರ ಲಕೋಟೆ ಮಾತ್ರ ಪಟ್ಟಿಯಲ್ಲಿ ಕಾಣುವುದು ಅಪರೂಪ.

ಹಾಗಾದರೆ ಒಂದು ಪ್ರಶ್ನೆ. ಎಲ್ಲ ಪುಕ್ಕಟೆಯೇ ಆದರೆ ಒಳ್ಳೆಯವನಾಗಿ ಬಾಳುವ ಕಷ್ಟ ಏಕೆ? ದೃಢೀಕರಣದ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗರು ಕೇಳುವ ಪ್ರಶ್ನೆ ಇದು. ಕೇಳಿದವನು ಕಿಲಾಡಿ ಎಂದು ಮೇಷ್ಟರು ಗದರುವುದುಂಟು. ಆದರೆ ಇದನ್ನು ಸಂತ ಪೌಲನೇ ರೋಮಾಪುರದವರಿಗೆ ಬರೆದ ಪತ್ರದಲ್ಲಿ ತಾನಾಗಿ ಎತ್ತಿ ಉತ್ತರ ಕೊಟ್ಟಿದ್ದಾನೆ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಅಚ್ಚಾದ ಪ್ರಶ್ನೋತ್ತರ ಪುಸ್ತಕವೊಂದೂ ಇದನ್ನು ನೇರವಾಗಿ ಕೇಳುತ್ತದೆ. ಅಲ್ಲಿನ ದೊರೆ ಮೂರನೆಯ ಫ್ರೆಡರಿಕ್ ಬರೆಸಿದ್ದು. ಮುಖ್ಯವಾಗಿ ಬರೆದವನು ಜಖಾರಿಯಾಸ್ ಉರ್ಸಿನಸ್, ಆಗಿನ್ನೂ 30 ತುಂಬದ ಹುಡುಗ. ಒಟ್ಟು 129 ಪ್ರಶ್ನೆಗಳು, ವರ್ಷದ 52 ಭಾನುವಾರಗಳಿಗೆ ಹಂಚಿದ್ದು. ಭಾಗಗಳು ಮೂರು: ಮನುಷ್ಯನ ದುರವಸ್ಥೆ, ಅವನ ಬಿಡುಗಡೆ, ಅವನ ಕೃತಜ್ಞತೆ.

ನನಗೆ ಆ ಪುಸ್ತಕದಲ್ಲಿ ಹಿಡಿಸಿದ್ದು ದಶಾಜ್ಞೆಗಳನ್ನು ಇಟ್ಟಿರುವ ಜಾಗ. ಲೂಥರ್ 1529ರ ತನ್ನ ಚಿಕ್ಕ ಪ್ರಶ್ನೋತ್ತರದಲ್ಲಿ ಅವನ್ನು ಎಲ್ಲಕ್ಕಿಂತ ಮೊದಲಿಗೆ ಇಟ್ಟ. ಸಹಜವೇ, ಮೊದಲು ಕಾನೂನು, ಆಮೇಲೆ ಕ್ಷಮೆ. ಉರ್ಸಿನಸ್ ಅವನ್ನು ಎತ್ತಿ ಮೂರನೆಯ ಭಾಗಕ್ಕೆ, ಕೃತಜ್ಞತೆಯ ತಲೆಬರಹದ ಕೆಳಗೆ ಹಾಕಿದ. ಆಜ್ಞೆಗಳು ಅವೇ. ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ. ಆದರೆ ಮುಂದೆ ನಿಂತಾಗ ಪೊಲೀಸರಂತೆ ಕಾಣುತ್ತಿದ್ದವರು ಹಿಂದೆ ಬಂದ ಮೇಲೆ ಮನೆಯವರಂತೆ ಕಾಣುತ್ತಾರೆ. ಪ್ರಾರ್ಥನೆಯನ್ನೂ ಆ ಪುಸ್ತಕ ಅಲ್ಲಿಯೇ ಸೇರಿಸುತ್ತದೆ. ಬೇಡುವುದೂ ಕೃತಜ್ಞತೆಯ ಒಂದು ಭಾಗವೇ ಅಂತೆ. ಸಾಲ ತೀರಿಸಬೇಕಾದವನಿಗೆ ಮತ್ತೆ ಕೈಚಾಚಲು ನಾಚಿಕೆ. ಸಾಲವೇ ಅಲ್ಲವೆಂದು ತಿಳಿದವನು ಧಾರಾಳವಾಗಿ ಮತ್ತೆ ಕೇಳುತ್ತಾನೆ.

ಕೃತಜ್ಞತೆಯ ಪಾಠಕ್ಕೆ ಎಲ್ಲ ಬೋಧಕರೂ ಎಳೆದುತರುವುದು ಲೂಕನ ಸುವಾರ್ತೆಯ ಹತ್ತು ಮಂದಿ ಕುಷ್ಠರೋಗಿಗಳನ್ನು. ಹತ್ತು ಮಂದಿಗೂ ವಾಸಿಯಾಯಿತು, ತಿರುಗಿ ಬಂದು ಯೇಸುವಿನ ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಅನ್ಯನೆನಿಸಿಕೊಂಡ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಇಪ್ಪತ್ತು ಶತಮಾನಗಳಿಂದ ಪ್ರಸಂಗಪೀಠಗಳಲ್ಲಿ ಬೈಗುಳ ತಿನ್ನುತ್ತಿದ್ದಾರೆ. ಅವರ ಪರವಾಗಿ ಒಂದು ಮಾತು ಹೇಳಬೇಕು. ಹೋಗಿ ಯಾಜಕರಿಗೆ ಮೈ ತೋರಿಸಿರಿ ಎಂದು ಯೇಸುವೇ ಅವರಿಗೆ ಹೇಳಿದ್ದು. ಗುಣವಾಗಿದೆ ಎಂದು ಯಾಜಕರು ನೋಡಿ ಒಪ್ಪದೆ ಊರೊಳಗೆ ಸೇರಿಸುತ್ತಿರಲಿಲ್ಲ. ವರ್ಷಗಳ ಕಾಲ ಹೆಂಡತಿ ಮಕ್ಕಳ ಮುಖ ನೋಡದವರು ಸರ್ಟಿಫಿಕೇಟಿಗೆ ಓಡಿದರೆ ತಪ್ಪೇನು? ಹೇಳಿದ್ದನ್ನು ಹೇಳಿದಂತೆ ಮಾಡಿದರು. ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದೂ ಹೌದು, ಅವನಿಗೆ ನೋವಾದದ್ದೂ ಹೌದು. ಆದರೆ ಥ್ಯಾಂಕ್ಸ್ ಹೇಳದ ಒಂಬತ್ತು ಮಂದಿಗೆ ಕುಷ್ಠ ಮರುಕಳಿಸಿತು ಎಂದು ಲೂಕ ಬರೆದಿಲ್ಲ. ಕೊಟ್ಟದ್ದನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಥೆಯ ಈ ಭಾಗದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಕೃಪೆಯ ಬಗ್ಗೆ ಕೇಳಬೇಕಾದ್ದೆಲ್ಲ ಅಲ್ಲಿಯೇ ಇದೆ ಎಂದು ನನ್ನ ಗುಮಾನಿ. ಮರಳಿ ಬಂದವನನ್ನೂ ಯೇಸು ಕೂರಿಸಿಕೊಂಡು ಸ್ತೋತ್ರ ಮಾಡಿಸಲಿಲ್ಲ. ಎದ್ದು ಹೋಗು ಎಂದ.

ನಾನು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ, ಬಾಸೆಲ್ ಮಿಶನ್ನಿನ ಸಭೆಯೊಂದರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಕಳಿಸಲ್ಪಟ್ಟವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಮನೆ ತಪ್ಪಿತು, ಗೇಣಿ ಜಮೀನು ತಪ್ಪಿತು. ಅವರಿಗೆ ಹೊಟ್ಟೆಪಾಡಿಗೆಂದು ಮಿಶನ್ನಿನವರು ಮಗ್ಗ ಹಾಕಿದರು, 1865ರಲ್ಲಿ ನೇತ್ರಾವತಿ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅನ್ನ ಕೊಟ್ಟವರೂ ಸುವಾರ್ತೆ ಕೊಟ್ಟವರೂ ಒಬ್ಬರೇ ಆದಾಗ ಕೃತಜ್ಞತೆಗೆ ಒಂದು ಗೂನು ಬರುತ್ತದೆ. ಅನ್ನಕ್ಕಾಗಿ ಸೇರಿದವರು ಎಂದು ಊರವರು ಮೂದಲಿಸುವುದು, ದೊರೆಗಳ ಎದುರು ಕೈಕಟ್ಟಿ ನಿಲ್ಲುವುದು, ಎರಡೂ ಸೇರಿ ದೇವರ ಮುಂದೆಯೂ ನೆಟ್ಟಗೆ ನಿಲ್ಲಲು ನಮ್ಮ ಹಿರಿಯರಿಗೆ ಕಷ್ಟವಾಗಿದ್ದಿರಬೇಕು. ಮನುಷ್ಯ ಮಾಡಿದ ಉಪಕಾರದಲ್ಲಿ ಹೆಂಚಿನ ಮೇಲಿರುವ ಹಾಗೆ ಕಂಪನಿಯ ಮುದ್ರೆ ಎಲ್ಲಾದರೂ ಒತ್ತಿಯೇ ಇರುತ್ತದೆ.

ಗೂನು ಬಿಟ್ಟು ನಮ್ಮವರು ನೆಟ್ಟಗಾಗುವುದು ನೋಡಬೇಕೆಂದರೆ ಬೆಳೆ ಹಬ್ಬಕ್ಕೆ ಬರಬೇಕು. ನಮ್ಮ ಕೆಥೊಲಿಕ ಬಂಧುಗಳು ಸೆಪ್ಟೆಂಬರ್ 8ಕ್ಕೇ ಮೊಂತಿ ಹಬ್ಬ ಮಾಡಿ ಮುಗಿಸಿರುತ್ತಾರೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ, ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿಯ ನಾಲ್ಕು ಕಾಳು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆವತ್ತು ಮೀನಿಲ್ಲ, ಮಾಂಸವಿಲ್ಲ. ಮಂಗಳೂರಿನ ಕೆಥೊಲಿಕರು ಬಂಗುಡೆಯನ್ನು ಒಂದು ದಿನ ಬಿಟ್ಟಿರುತ್ತಾರೆ ಎಂದರೆ ದೇವರ ಮೇಲಿನ ಕೃತಜ್ಞತೆಗೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಪ್ರೊಟೆಸ್ಟೆಂಟರ ಹಬ್ಬ ಕೊಯ್ಲು ಕಳೆದ ಮೇಲಿನ ಒಂದು ಭಾನುವಾರ. ವೇದಿಯ ಮುಂದೆ ಬಸಳೆಯ ಸುರುಳಿ, ಹರಿವೆ ಕಟ್ಟು, ಮಂಗಳೂರು ಸೌತೆ, ಸುವರ್ಣಗಡ್ಡೆ, ಬಾಳೆಗೊನೆ, ಸೀಯಾಳ, ಹಲಸಿನ ಹಪ್ಪಳದ ಕಟ್ಟು, ಕಾಲು ಕಟ್ಟಿಸಿಕೊಂಡ ಊರ ಕೋಳಿ. ಕೋಳಿ ಪ್ರಸಂಗದ ನಡುವೆ ಒಂದೆರಡು ಸಲ ಅಭಿಪ್ರಾಯ ಹೇಳುತ್ತದೆ. ಗದ್ದೆಯೆಲ್ಲ ಸೈಟಾಗಿ ಹೋದವರು ಅಂಗಡಿಯಿಂದ ಆಪಲ್ ತರುತ್ತಾರೆ. ಸ್ಟಿಕ್ಕರ್ ಕೀಳಲು ಮರೆತಿರುತ್ತಾರೆ. ಆರಾಧನೆ ಮುಗಿದದ್ದೇ ಅಂಗಳದಲ್ಲಿ ಏಲಂ.

ಏಲಂ ಕೂಗುವವರಿಗೆ ನಾಟಕದವರ ಗಂಟಲಿರಬೇಕು, ಸಂಬಂಧಗಳ ಜ್ಞಾನವೂ ಇರಬೇಕು. ಯಾವ ಭಾವನನ್ನು ಯಾವ ಭಾವನ ಎದುರು ನಿಲ್ಲಿಸಿದರೆ ಗೊನೆಯ ಬೆಲೆ ಏರುತ್ತದೆ ಎಂಬುದು ಅವರಿಗೆ ಗೊತ್ತು. ಒಂದು ಸಲ, ಎರಡು ಸಲ ಎಂದು ಕೈಯೆತ್ತಿ, ಮೂರನೆಯದನ್ನು ಹೇಳದೆ, ಹಿಂದೆ ಮರದಡಿ ನಿಂತ ಗಲ್ಫಿನಿಂದ ರಜೆಗೆ ಬಂದವರ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಪೇಟೆಯಲ್ಲಿ 40 ರೂಪಾಯಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ಮನುಷ್ಯ ಅದೇ ಸೌತೆಗೆ ಇಲ್ಲಿ 600 ಕೂಗಿ, ಗೆದ್ದು, ಎದೆಯುಬ್ಬಿಸಿ ನಿಲ್ಲುತ್ತಾನೆ. ಮನೆಯವರ ಮುಖ ಮಾತ್ರ ಸೌತೆಯ ಕಡೆಗಿರುವುದಿಲ್ಲ. ಕೆಲವರು ಗೆದ್ದದ್ದನ್ನು ಹೊತ್ತುಕೊಂಡು ಹೋಗದೆ ‘ಇನ್ನೊಂದ್ಸಲ ಏಲಂ ಹಾಕಿ’ ಎಂದು ಹಿಂದಕ್ಕೆ ಕೊಡುತ್ತಾರೆ. ಹಾಗೆ ಒಂದೇ ಕೋಳಿ ಮೂರು ಸಲ ಮಾರಾಟವಾಗಿ ಕೊನೆಗೆ ಯಾರ ಮನೆಗೂ ಹೋಗಲಾರದೆ ಚರ್ಚಿನ ಕಾವಲುಗಾರನ ಪಾಲಾದದ್ದು ಉಂಟು.

ಜಂಭ ಇದೆ, ಪೈಪೋಟಿ ಇದೆ, ನಿಜ. ಆದರೂ ಈ ಗದ್ದಲದಲ್ಲಿ ಮುಯ್ಯಿಯ ನೋಟ್‌ಬುಕ್ ಕೆಲಸಕ್ಕೆ ಬರುವುದಿಲ್ಲ ಎಂಬುದೇ ನನಗೆ ಖುಷಿ. ಗದ್ದೆಯಲ್ಲಿ ಬಂದದ್ದನ್ನು ಕೊಟ್ಟವನೇ ಅದನ್ನು ಹತ್ತರಷ್ಟು ಕೊಟ್ಟು ಕೊಂಡುಕೊಳ್ಳುತ್ತಾನೆ. ಇದರಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ, ಯಾರು ಯಾರಿಗೆ ಬಾಕಿ? ಯಾವ ಅರ್ಥಶಾಸ್ತ್ರಜ್ಞನೂ ಲೆಕ್ಕ ಕೂಡಿಸಲಾರ. ಅತ್ತೆಯವರು ಒಮ್ಮೆ ನಮ್ಮೂರ ಬೆಳೆ ಹಬ್ಬಕ್ಕೆ ಬಂದಿದ್ದರು. ಸುವರ್ಣಗಡ್ಡೆಯೊಂದು ಏರಿದ ಬೆಲೆ ಕೇಳಿ, ‘ಏನ್ ದುಡ್ಡು ಕಾಯಿಸ್ಕೊಂಡಿದ್ದಾರೋ ಈ ಜನ!’ ಎಂದರು. ಅರ್ಧ ಗಂಟೆಯ ಮೇಲೆ ನೋಡಿದರೆ ಹಪ್ಪಳದ ಕಟ್ಟಿಗೆ ಅವರೇ ಕೈಯೆತ್ತುತ್ತಿದ್ದರು.

ವರ್ಷಕ್ಕೊಮ್ಮೆ ಹೀಗೆ ಉಕ್ಕುವುದು ಸುಲಭ. ಮಿಜೋರಾಮಿನ ಹೆಂಗಸರದು ಬೇರೆ ಜಾಣತನ. ಅಲ್ಲಿನ ಕ್ರೈಸ್ತ ಮನೆಗಳಲ್ಲಿ ಅನ್ನಕ್ಕಿಡುವ ಪ್ರತಿ ಹೊತ್ತಿಗೂ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಾರೆ. ಚರ್ಚಿನ ಹೆಂಗಸರು ಮನೆಮನೆಗೆ ಬಂದು ಅದನ್ನು ಕೂಡಿಸಿಕೊಂಡು ಹೋಗಿ ಮಾರುತ್ತಾರೆ. ನೂರು ವರ್ಷಕ್ಕೂ ಮೀರಿ ನಡೆದಿರುವ ಕ್ರಮ. ಅದರ ಹಣದಿಂದ ಸೇವಕರಿಗೆ ಸಂಬಳ, ಚರ್ಚಿನ ಎಷ್ಟೋ ಕೆಲಸ ನಡೆಯುತ್ತದೆ. ಹಿಡಿ ಅಕ್ಕಿಗೆ ಕೈತಟ್ಟುವವರಿಲ್ಲ, ಮೈಕಿಲ್ಲ, ಭಾವಂದಿರಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಲೆಯ ಮುಂದೆ ಕೈ ತಾನಾಗಿ ಮಾಡುವ ಕೆಲಸ ಅದು. ಮಾಡುವಾಗ ಮನಸ್ಸು ಎಲ್ಲಿರುತ್ತದೋ. ಬಹುಶಃ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬಲ್ಲಿ. ಅದರಿಂದ ಹಿಡಿಯೇನೂ ಸಣ್ಣದಾಗುವುದಿಲ್ಲ.

ಬಾಯಿಯ ಸ್ತೋತ್ರ ಕೈಗೆ ಇಳಿಯಲು ಕೆಲವರಿಗೆ ಒಂದು ಆಯುಷ್ಯವೇ ಬೇಕಾಗುತ್ತದೆ. ಕೃಪೆಯ ಬಗ್ಗೆ ಇಂಗ್ಲಿಷಿನಲ್ಲಿ ಜಗತ್ತೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಬರೆದ ಜಾನ್ ನ್ಯೂಟನ್ ಹಡಗಿನ ಮನುಷ್ಯ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಮುಳುಗುವುದರಲ್ಲಿತ್ತು. ಬದುಕಿ ಉಳಿದ, ದೇವರ ಕಡೆ ತಿರುಗಿದ. ಇಷ್ಟಕ್ಕೇ ನಮ್ಮ ಭಾನುವಾರ ಶಾಲೆಯ ಕಥೆ ಮುಗಿಯುತ್ತದೆ. ಮುಗಿಯಬಾರದು. ಆಮೇಲೆಯೇ ಅವನು ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾದ. 1754ರ ತನಕ ಆ ಕೆಲಸ ಬಿಡಲಿಲ್ಲ. ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ, ಕಾಯಿಲೆ ಬಿದ್ದು. ಭಾನುವಾರ ನಾವಿಕರನ್ನೆಲ್ಲ ಸೇರಿಸಿ ಭಕ್ತಿಯಿಂದ ಪ್ರಾರ್ಥನೆ ನಡೆಸುತ್ತಿದ್ದ, ಕೆಳಗಿನ ಅಟ್ಟದಲ್ಲಿ ಸಂಕೋಲೆ ತೊಟ್ಟ ಆಫ್ರಿಕದ ಜನ. ಪಾದ್ರಿಯಾದದ್ದು 1764ರಲ್ಲಿ, ಹಾಡು ಬರೆದದ್ದು 1772ರ ಕೊನೆಗೆ. ಗುಲಾಮರ ವ್ಯಾಪಾರ ಎಂಥದೆಂದು, ಅದರಲ್ಲಿ ತನ್ನ ಪಾಲೇನೆಂದು ಅಚ್ಚಿನಲ್ಲಿ ಹೇಳಿ ಅದರ ವಿರುದ್ಧ ನಿಂತದ್ದು 1788ರಲ್ಲಿ. ಬಿರುಗಾಳಿಗೂ ಆ ಪುಸ್ತಿಕೆಗೂ ನಡುವೆ 40 ವರ್ಷ. ಅಷ್ಟು ಕಾಲವೂ ಅವನು ದೇವರಿಗೆ ಸ್ತೋತ್ರ ಹೇಳುತ್ತಲೇ ಇದ್ದ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ನಮ್ಮ ಹಡಗುಗಳ ಕೆಳಗಿನ ಅಟ್ಟದಲ್ಲಿ ಯಾರಿದ್ದಾರೆ ಎಂದು ಯೋಚಿಸುವ ತನಕ.

ನಮ್ಮ ಚಿಕ್ಕಪ್ಪನದು ದೊಡ್ಡ ಹಡಗಲ್ಲ. ಬೆಂಗಳೂರಿನಲ್ಲಿ ಮನೆಯ ಹತ್ತಿರದ ಹೋಟೆಲಿನಲ್ಲಿ ಅವರ ದಿನದ ತಿಂಡಿ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ಎಲ್ಲರಿಗೂ ರೂಢಿ. ಆದರೆ ಹೋಟೆಲಿನಲ್ಲಿ ಅನೇಕರು ಹಣೆ ಒರೆಸಿಕೊಂಡ ಹಾಗೆ ನಟಿಸಿ ಮುಗಿಸಿಬಿಡುತ್ತಾರೆ. ಚಿಕ್ಕಪ್ಪ ಹಾಗಲ್ಲ. ಕನ್ನಡಕ ತೆಗೆದಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಮಸಾಲೆ ದೋಸೆ ಆರುವವರೆಗೂ ಸ್ತೋತ್ರ ಹೇಳುತ್ತಾರೆ. ಅದಕ್ಕೂ ಮುಂಚೆ ಚಟ್ನಿ ನೀರಾಗಿದೆ, ನೀರು ತಣ್ಣಗಿಲ್ಲ, ಟೇಬಲ್ ಸರಿಯಾಗಿ ಒರೆಸಿಲ್ಲ ಎಂದು ಸಪ್ಲೈಯರ್ ಹುಡುಗನಿಗೆ ಮಂಗಳಾರತಿ ಆಗಿರುತ್ತದೆ. ಒಂದು ದಿನ ನಾನೂ ಜೊತೆಗಿದ್ದೆ. ಮಂಗಳಾರತಿ ಮುಗಿದು ಪ್ರಾರ್ಥನೆ ನಡೆದಿತ್ತು, ಮಾಮೂಲಿಗಿಂತ ಉದ್ದ. ಹುಡುಗ ಎರಡು ಸಲ ಬಂದು ಬಗ್ಗಿ ನೋಡಿ ಹೋದ. ಮೂರನೆಯ ಸಲ ಬಂದವನು ಒಂದು ಲೋಟ ಬಿಸಿನೀರು ಮುಂದಿಟ್ಟು, ಮೆಲ್ಲಗೆ ಹೆಗಲು ಮುಟ್ಟಿ, ‘ಏನ್ ಸಾರ್, ಮೈ ಹುಷಾರಿಲ್ವಾ? ಡಾಕ್ಟ್ರ ಹತ್ರ ಹೋಗೋಣ್ವಾ?’ ಎಂದ.

ಚಿಕ್ಕಪ್ಪ ಕಣ್ಣು ಬಿಟ್ಟರು. ಲೋಟ ನೋಡಿದರು, ಹುಡುಗನನ್ನು ನೋಡಿದರು. ವರ್ಷಗಳಿಂದ ಅಲ್ಲಿ ತಿನ್ನುತ್ತಿದ್ದವರು ಮೊದಲ ಸಲ, ‘ನಿನ್ನ ಹೆಸರೇನಪ್ಪಾ?’ ಎಂದು ಕೇಳಿದರು.

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ‘ಯಾಕೆ ಸಾರ್, ಓನರ್‌ಗೆ ಕಂಪ್ಲೇಂಟ್ ಮಾಡ್ತೀರಾ?’